ಕಿಟಕಿ ಎಸ್ಟೇಟಿನ ಚೆಕ್ ರೋಲ್

ಊರಿನಿಂದ ಅಮೆರಿಕಕ್ಕೆ ಬರುವ ಅಪ್ಪ-ಅಮ್ಮಂದಿರಲ್ಲಿ ಮೂರು ಪಂಗಡ. ಮಂಕಿ ಟೋಪಿ ಹಾಕಿಕೊಂಡು ವಾಕಿಂಗ್ ಹೋಗುವವರು ಒಂದು. ಸೋಫಾ ಬಿಟ್ಟೇಳದೆ ಸೀರಿಯಲ್ ನೋಡುವವರು ಇನ್ನೊಂದು. ಮೂರನೆಯದು ಕೊಡಗಿನ ಕಾಫಿ ತೋಟದವರದು. ಇವರು ಬಂದ ಮರುದಿನವೇ ನಮ್ಮ ಕಸದ ಬುಟ್ಟಿಗೆ ಕೈ ಹಾಕುತ್ತಾರೆ.

ನ್ಯೂ ಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಮನೆಗೆ ಸುಂಟಿಕೊಪ್ಪದಿಂದ ಅಪ್ಪ ಬಂದದ್ದು ಮಾರ್ಚ್ ಕೊನೆಯಲ್ಲಿ. ರೊಬಸ್ಟಾ ಕೊಯ್ಲು ಮುಗಿದಿತ್ತು, ಕಾಫಿ ಹೂ ಅರಳಿಸುವ ಹೂಮಳೆಯೂ ಬಿದ್ದಾಗಿತ್ತು. ಹೂಮಳೆ ಬೀಳದೆ ಕೊಡಗಿನ ತೋಟಗಾರ ಸ್ವಂತ ಮಗಳ ಮದುವೆಯಲ್ಲೂ ನೆಟ್ಟಗೆ ಕೂರುವುದಿಲ್ಲ, ಇನ್ನು ವಿಮಾನದಲ್ಲಿ ಕೂತಾನೆಯೇ? ಬಂದವರೇ ಹಿತ್ತಲ ಬಾಗಿಲು ತೆಗೆದು ಖಾಲಿ ನೆಲ ನೋಡಿ, "ಇಲ್ಲಿ ನೆಡೋದು ಯಾವಾಗ?" ಎಂದರು. ಏಪ್ರಿಲ್ ಮುಗಿಯುವ ತನಕ ರಾತ್ರಿ ಹಿಮ ಕಟ್ಟುತ್ತದೆ, ಮೇ ಬರಬೇಕು ಎಂದೆ. "ಹಾಗಾದ್ರೆ ನರ್ಸರಿ ಈಗ್ಲೇ ಹಾಕ್ಬೇಕು. ಡಬ್ಬ ಎಲ್ಲಿ?"

ಡಬ್ಬಕ್ಕೇನು ಬರ! ಮೊಸರಿನ ಡಬ್ಬ ಬಿಸಾಡುವ ಪದ್ಧತಿ ಹೊರನಾಡ ಕನ್ನಡಿಗರಲ್ಲಿ ಮೊದಲೇ ಇಲ್ಲ. ಮೊಸರು ಇರುವಷ್ಟು ದಿನ ಅದಕ್ಕೆ ಬ್ರಹ್ಮಚರ್ಯ. ಆಮೇಲೆ ಸಾರು, ಹುಳಿ, ಇಡ್ಲಿ ಹಿಟ್ಟು ಅಂತ ಸಂಸಾರ. ಅಪ್ಪ ಬಂದು ವಾನಪ್ರಸ್ಥ ಕರುಣಿಸಿದರು. ಡಬ್ಬದ ತಳದಲ್ಲಿ ತ್ರಿಕೋನದೊಳಗೊಂದು ಅಂಕಿ ಇರುತ್ತದಲ್ಲ, ಪ್ಲಾಸ್ಟಿಕ್ ಉದ್ಯಮದವರು 1988ರಲ್ಲಿ ಮರುಬಳಕೆಯವರ ಅನುಕೂಲಕ್ಕೆ ತಂದದ್ದು, ಅದನ್ನು ಮೊಮ್ಮಗಳು ಓದಿ ಹೇಳಿದಳು. ಅಪ್ಪ ಅದರ ಮೇಲೆ ವಿಂಗಡಣೆ ಶುರುಮಾಡಿದರು. 5ನೇ ನಂಬರಿನ ಮೊಸರು ಡಬ್ಬಗಳು ಸಸಿಗೆ, 1ನೇ ನಂಬರಿನ ಪಾರದರ್ಶಕ ಸಲಾಡ್ ಡಬ್ಬಿಗಳು ಬೀಜ ಮೊಳೆಸಲಿಕ್ಕೆ. 6ನೇ ನಂಬರ್ ಚುಚ್ಚಿದರೆ ಪುಡಿಯಾಗುತ್ತದೆ ಎಂದು ಗೊತ್ತಾದ ಮೇಲೆ ಅದಕ್ಕೆ ಕೆಲಸ ಕೊಡಲಿಲ್ಲ.

ಇನ್ನು ತಳಕ್ಕೆ ತೂತು. ನೀರು ಇಳಿಯದಿದ್ದರೆ ಬೇರು ಕೊಳೆಯುತ್ತದೆ. ಅಪ್ಪ ಸೂಟ್‌ಕೇಸಿನಿಂದ ಕಾಫಿ ಮೂಟೆ ಹೊಲಿಯುವ ದಬ್ಬಳ ತೆಗೆದರು. ಅದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಮೇಲೆ ಕಾಸಿ ಚುಚ್ಚಿದರೆ ಅಂಚು ಸೀಳದೆ ದುಂಡಗೆ ತೂತು ಬೀಳುತ್ತದೆ. ನಾಲ್ಕನೇ ಡಬ್ಬಕ್ಕೆ ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯಿತು. ನಮ್ಮನೆಯವರು ಮೀಟಿಂಗ್ ಬಿಟ್ಟು ಓಡಿಬಂದು ಕುರ್ಚಿ ಹತ್ತಿ ಟವೆಲ್ ಬೀಸಿದರು. ಅಪ್ಪ ಇಕ್ಕಳ ಕೆಳಗಿಡದೆ ಮೇಲೆ ನೋಡಿ, "ಅಳಿಯಂದಿರೇ, ಇದರ ಬೆಲೆ ಎಷ್ಟು? ನಮ್ಮ ತೋಟದಲ್ಲಿ ಆನೆ ಓಡಿಸಕ್ಕೆ ಒಂದು ಹತ್ತು ಬೇಕಿತ್ತು" ಎಂದರು.

ಮಣ್ಣಿನ ವಿಷಯದಲ್ಲಿ ಅವರದು ಕಾಫಿ ನರ್ಸರಿಯ ಲೆಕ್ಕ. ಊರಲ್ಲಿ 9 ಇಂಚು ಉದ್ದ, 6 ಇಂಚು ಅಗಲದ ಪಾಲಿಥೀನ್ ಚೀಲಕ್ಕೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬುತ್ತಾರೆ. ಇಲ್ಲಿ ಗೊಬ್ಬರ ಅಂಗಡಿಯಲ್ಲಿ ಸಿಗುತ್ತದೆ. ಪ್ಯಾಕೆಟ್ಟಿನ ಮೇಲೆ ಹಸುವಿನ ಚಿತ್ರ ನೋಡಿ ಹಿಗ್ಗಿದ ಅಪ್ಪ, ಬೆಲೆ ಕೇಳಿ ಟ್ರಾಲಿ ಹಿಡಿದು ನಿಂತರು. "ಡಾಲರ್ ಕೊಟ್ಟು ಸಗಣಿ! ನಮ್ಮ ಕೊಟ್ಟಿಗೆಯಲ್ಲಿ ಇಷ್ಟು ದಿನ ಎಷ್ಟು ಲಕ್ಷ ಬಿದ್ದಿತ್ತೋ ಏನೋ."

ಕಿಟಕಿಯಲ್ಲಿ ಡಬ್ಬ ಸಾಲುಗಟ್ಟಿದ ಮೇಲೆ ಕೆಲಸದ ಹಂಚಿಕೆಯೂ ಎಸ್ಟೇಟಿನ ಕ್ರಮದಲ್ಲೇ ಆಯಿತು. ಅಳಿಯ ರೈಟರ್, ಮೊಮ್ಮಗಳು ಮೇಸ್ತ್ರಿ, ನಾನು ಆಳು. ಸಾಫ್ಟ್‌ವೇರಿನಲ್ಲಿ ನಲವತ್ತು ಜನರಿಂದ ಕೆಲಸ ತೆಗೆಯುವ ನಮ್ಮನೆಯವರು ದಿನಾ ಸಂಜೆ ಯಾವ ಡಬ್ಬಕ್ಕೆ ನೀರು, ಯಾವುದು ಮೊಳೆತಿದೆ, ಯಾರು ಕೆಲಸಕ್ಕೆ ಬರಲಿಲ್ಲ ಎಂದು ಚೆಕ್ ರೋಲ್ ಬರೆಯಬೇಕು. ಎಕ್ಸೆಲ್‌ನಲ್ಲಿ ಮಾಡಿಕೊಡುತ್ತೇನೆ ಎಂದರು. "ಅದೆಲ್ಲ ಬೇಡ, ಕೆಂಪು ಗೆರೆ ಹಾಕಿ ಪುಸ್ತಕದಲ್ಲಿ ಬರೀರಿ."

ಸಾಂಬಾರು ಪುಡಿಗೆಂದು ತಂದಿದ್ದ ಬ್ಯಾಡಗಿ ಮೆಣಸಿನ ಬೀಜ ಸಲಾಡ್ ಡಬ್ಬಿ ಸೇರಿ, ಬೆಚ್ಚಗಿರಲೆಂದು ಫ್ರಿಜ್ಜಿನ ತಲೆ ಏರಿತು. ಮೊಳಕೆ ಕಂಡ ದಿನವೇ ಮುಚ್ಚಳ ತೆಗೆಯಬೇಕು, ಇಲ್ಲವಾದರೆ ಬೆವತು ಬುಡದಲ್ಲೇ ಕೊಳೆಯುತ್ತವೆ. ಕೊಳೆರೋಗ ಕಂಡು ಬೆಳೆದ ಅಪ್ಪ ಬೆಳಗ್ಗೆ ಹಲ್ಲುಜ್ಜುವ ಮೊದಲು ಸ್ಟೂಲ್ ಹತ್ತಿ ಮುಚ್ಚಳ ಎತ್ತಿ ನೋಡುತ್ತಿದ್ದರು. ಅಂಗಡಿಯ ಬಸಳೆ ಕಂತೆಯ ಸೊಪ್ಪು ನಮಗೆ, ದಂಟು ಅವರಿಗೆ. ಎರಡು ಗೆಣ್ಣು ಬಿಟ್ಟು ಕತ್ತರಿಸಿ, ಒಂದು ಗೆಣ್ಣು ಮಣ್ಣಿನೊಳಗಿಟ್ಟು ಊರಿದರು. ಕಾಳುಮೆಣಸಿನ ಬಳ್ಳಿಗೆ ಮಾಡುವ ಉಪಚಾರವೇ ಬಸಳೆಗೂ. ಮೇಸ್ತ್ರಿಯೂ ತನ್ನ ಪಾಲಿಗೆ ಪ್ಯಾಕೆಟ್ಟಿನ ಕಾಫಿ ಬೀಜ ಬಿತ್ತಿ ಕಾದಳು. "ಹುರಿದ ಬೀಜ ಅಲ್ವಾ ಮಗಳೇ, ಅದ್ರಲ್ಲಿ ನೇರ ಡಿಕಾಕ್ಷನ್ನೇ ಬೆಳೆಯೋದು" ಎಂದರು ಅಜ್ಜ.

ಕರಿಬೇವಿನ ಕಡ್ಡಿಯನ್ನು ಊರಿಂದ ಯಾಕೆ ತರಲಿಲ್ಲ ಎಂದು ಗೆಳತಿಯೊಬ್ಬಳು ಕೇಳಿದ್ದೇ ತಪ್ಪಾಯಿತು. ಕಿತ್ತಳೆ-ನಿಂಬೆಗೆ ಗ್ರೀನಿಂಗ್ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಕೂರುತ್ತದೆ, ಅದಕ್ಕೇ ವಿಮಾನದಲ್ಲಿ ತರಬಾರದು ಎಂದು ಶುರುವಾದ ಪಾಠ, ಅದೇ ರೋಗಕ್ಕೆ ಕೊಡಗಿನ ಕಿತ್ತಳೆ ಎಷ್ಟು ಬಲಿಯಾಯಿತು ಎಂಬಲ್ಲಿಗೆ ಬಂದು, ಅವಳ ಕಾಫಿ ಆರುವ ತನಕ ಮುಂದುವರಿಯಿತು.

ಮಳೆ ಅಳೆಯದೆ ತೋಟವುಂಟೇ? ಕೊಡಗಿನಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟು; ನೂರು ಸೆಂಟಿಗೆ ಒಂದು ಇಂಚು. ಅಳಿಯ ಹಿತ್ತಲಲ್ಲಿ ಮೊಸರು ಡಬ್ಬ ಇಟ್ಟರೆ ಅಪ್ಪ ಒಪ್ಪಲಿಲ್ಲ. "ಬಾಯಿ ಅಗಲ, ತಳ ಕಿರಿದು. ಇದ್ದದ್ದಕ್ಕಿಂತ ಜಾಸ್ತಿ ತೋರಿಸ್ತದೆ. ನಮ್ಮ ಪಕ್ಕದ ತೋಟದವರು ಇಂಥದ್ರಲ್ಲೇ ಅಳೆಯೋದು." ಕೊನೆಗೆ ಪೀನಟ್ ಬಟರ್ ಜಾರಿನ ಕೊರಳು ಕೊಯ್ದು, ಮೈ ನೆಟ್ಟಗಿರುವ ಭಾಗ ಮಾತ್ರ ಉಳಿಸಿ, ಸ್ಕೇಲು ಅಂಟಿಸಿದ್ದಾಯಿತು.

ಮೇ ತಿಂಗಳಲ್ಲಿ ಸಸಿ ಹೆಚ್ಚಾದವು. ಎಡಿಸನ್ನಿನ ಕನ್ನಡದ ಮನೆಗಳ ನಡುವೆ ಡಬ್ಬಗಳ ಓಡಾಟ ಯಾವಾಗಲೂ ಇದೆ, ಖಾಲಿ ಡಬ್ಬ ವಾಪಸ್ ಕೊಡಬಾರದೆಂಬ ನೇಮವೂ ಇದೆ. ಬಿಸಿಬೇಳೆಬಾತ್ ಬಂದ ಡಬ್ಬದಲ್ಲಿ ಬ್ಯಾಡಗಿ ಸಸಿ ಹೋಯಿತು. ತಳದಲ್ಲಿ ಐದು ತೂತಿರುವುದು ಆಮೇಲೆ ತಿಳಿದು ಒಬ್ಬರು ಫೋನ್ ಮಾಡಿದರು: "ಸಸಿ ಚೆನ್ನಾಗಿದೆ. ಆದರೆ ಆ ಡಬ್ಬ ನಮ್ಮನೆಯವರ ಲಂಚಿನದು."

ಆಗಸ್ಟ್ 3ಕ್ಕೆ ಕೊಡಗಿನ ಕಕ್ಕಡ ತಿಂಗಳ 18ನೇ ದಿನ ಬಂದಾಗ ಅಪ್ಪನಿಗೆ ಅಂದು ತಿನ್ನುವ ಮದ್ದು ಸೊಪ್ಪಿನ ನೆನಪು. ಕಡ್ಡಿ ಊರಿದರೆ ಬೇರು ಬಿಡುವ ಗಿಡ, ಆದರೆ ತರುವಂತಿಲ್ಲ. ಅದರ ನೇರಳೆ ಬಣ್ಣದ ಪಾಯಸ ಕುಡಿದರೆ ಮಾರನೇ ಬೆಳಗ್ಗೆ ಮೂತ್ರವೂ ಕೆಂಪಗಾಗುತ್ತದೆ, ಮದ್ದು ಮೈಗೆ ಹತ್ತಿದ ಗುರುತು ಅದು ಎಂದು ವಿವರಿಸಿದರು. ಮಂಡ್ಯದ ಅಳಿಯ ಬೆವೆತರು. "ಇಲ್ಲಿ ಬೆಳೆಯದಿದ್ದದ್ದೇ ಒಳ್ಳೇದು ಮಾವ. ನಾನು ಎಮರ್ಜೆನ್ಸಿಗೆ ಓಡ್ತಿದ್ದೆ, ಬಿಲ್ ನೋಡಿ ನಿಜವಾಗಿಯೂ ಅಡ್ಮಿಟ್ ಆಗ್ತಿದ್ದೆ."

ಸೆಪ್ಟೆಂಬರಿನಲ್ಲಿ ಅಪ್ಪ ಊರಿಗೆ ಹೊರಟರು. ರೈಟರ್ ಕೆಲಸ ಮಾತ್ರ ನಿಂತಿಲ್ಲ. ಭಾನುವಾರ ಫೋನಿನಲ್ಲಿ ಮಾವ-ಅಳಿಯ ಕುಶಲ ಕೇಳುವ ಮೊದಲು ಎರಡೂ ಕಡೆಯ ಮಳೆಯ ಸೆಂಟು ಹೇಳಿಕೊಳ್ಳುತ್ತಾರೆ. ಹೋದ ವಾರ ನಮ್ಮನೆಯವರು ಧೈರ್ಯ ಮಾಡಿದರು.

"ಮಾವ, ಅಳಿಯನಾಗಿ ಅಲ್ಲ, ರೈಟರಾಗಿ ಕೇಳ್ತಾ ಇದೀನಿ. ಈ ವರ್ಷ ಬೋನಸ್ ಎಷ್ಟು?"

"ಮೊದಲು ಚೆಕ್ ರೋಲ್ ಕಳಿಸಿ. ನಯಾಗರಕ್ಕೆ ಹೋದ ವಾರ ನಿಮ್ಮ ಹಾಜರಿ ಇಲ್ಲ."

"ನೀವೂ ಬಂದಿದ್ರಲ್ಲ ಮಾವ!"

"ನಾನು ಸಾವ್ಕಾರ, ಎಲ್ಲಿ ಬೇಕಾದ್ರೂ ಹೋಗಬಹುದು."