ಬಾತುಬೇಟೆಯ ಅಕ್ಕಸಾಲಿ

ಕೊರಳಿಗೆ ಒಂದೆಳೆ ಸರ ಹಾಕಿಕೊಳ್ಳಿ ಎಂದರೆ ಮುಖ ಸಿಂಡರಿಸುವ ಅಮೆರಿಕದ ಬಾತುಬೇಟೆಗಾರ, ಲ್ಯಾನ್ಯಾರ್ಡ್ ಎಂಬ ಎಂಟೆಳೆಯ ಚರ್ಮದ ಹಾರವನ್ನು ಎದೆಯುದ್ದ ಇಳಿಬಿಟ್ಟು, ಅದಕ್ಕೆ ಬಾತನ್ನು ಕರೆಯುವ ಮೂರು ನಾಲ್ಕು ಪೀಪಿ ತೂಗುಹಾಕಿ, ನಡುನಡುವೆ ಅಲ್ಯೂಮಿನಿಯಂ ಉಂಗುರಗಳನ್ನು ಪೋಣಿಸಿಕೊಂಡು ಬೆಳಗಿನ ಜಾವಕ್ಕೇ ಕೆಸರಿಗಿಳಿಯುತ್ತಾನೆ. ಅದು ಆಭರಣವಲ್ಲ, ಸಲಕರಣೆ ಎಂಬುದು ಅವನ ನಂಬಿಕೆ. ಈ ನಂಬಿಕೆಗೆ ಕುಂದು ಬಾರದಂತೆ ನೋಡಿಕೊಳ್ಳುವುದೇ ಆ ಹಾರ ಹೆಣೆಯುವವನ ಅಸಲಿ ಕಸುಬು, ಹೆಣಿಗೆ ಏನಿದ್ದರೂ ಆಮೇಲಿನ ಮಾತು ಎಂಬುದು ನನ್ನ ವಾದ. ಅವನನ್ನು ಗುರುತಿಸುವುದು ಸುಲಭ. ಗ್ಯಾರೇಜಿನ ಮೂಲೆಯಲ್ಲೊಂದು ಕೊಕ್ಕೆ, ಕೊಕ್ಕೆಗೆ ಸಿಕ್ಕಿಸಿದ ಅರೆಬರೆ ಲ್ಯಾನ್ಯಾರ್ಡ್, ಸೋಪಿನ ಜಿಡ್ಡು ಹತ್ತಿದ ಬೆರಳು, ಯಾರು ಏನೇ ಕೇಳಿದರೂ "ಗಟ್ಟಿ ಬರುತ್ತೆ" ಎಂಬ ಒಂದೇ ಉತ್ತರ.

ಈ ಗಟ್ಟಿತನವನ್ನೇ ಒರೆಗೆ ಹಚ್ಚಿ ನೋಡೋಣ. ಅವನಿಗೆ ಹಸುವಿನ ಚರ್ಮ ಸಾಲದು, ಕಾಂಗರೂ ಚರ್ಮವೇ ಆಗಬೇಕು. ಕಾರಣ ಸುಳ್ಳಲ್ಲ. ಕಾಂಗರೂ ಚರ್ಮದ ನಾರುಗಳು ಮೇಲ್ಮೈಗೆ ಸಮಾನಾಂತರವಾಗಿ ಹಾಸಿಕೊಂಡಿರುವುದರಿಂದ ತೀರಾ ತೆಳ್ಳಗೆ ಸೀಳಿದರೂ ಬಲ ಉಳಿಯುತ್ತದೆ. ಆಸ್ಟ್ರೇಲಿಯದ ಚಾವಟಿ ಹೆಣೆಯುವವರು ಅದಕ್ಕೆ ಜೋತುಬಿದ್ದಿರುವುದೂ ಇದಕ್ಕೇ. (ಕ್ಯಾಲಿಫೋರ್ನಿಯದಲ್ಲಿ ಕಾಂಗರೂ ಸರಕು ಮಾರುವಂತಿಲ್ಲ. ಅಲ್ಲಿನ ಗಿರಾಕಿ ಹಸುವಿನಲ್ಲೇ ಸಮಾಧಾನಪಡಬೇಕು.) ಚರ್ಮವನ್ನು 3 ಮಿಲಿಮೀಟರಿನಷ್ಟು ಅಗಲದ ಎಳೆಗಳಾಗಿ ಕತ್ತರಿಸಿ, ಜಗ್ಗಿ ಹಿಗ್ಗಿಸಿ, ಅಂಚುಗಳನ್ನು ಓರೆಯಾಗಿ ಹೆರೆದು, ಸೋಪು ಕೊಬ್ಬು ಬೆರೆಸಿದ ಲೇಪ ಸವರಿ, ನಡುವೆ ತಿರುಳಿಗೊಂದು ದಾರವಿಟ್ಟು ಹೆಣೆಯಲು ನಿಲ್ಲುತ್ತಾನೆ. ಹೊರಗಿನ ಎಳೆ ಹಿಂದಿನಿಂದ ಸುತ್ತಿ ಬಂದು ಎರಡರ ಕೆಳಗೆ ನುಸುಳಿ ಎರಡರ ಮೇಲೆ ಹಾಯಬೇಕು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಬಿಗಿ ಕೊಂಚ ತಪ್ಪಿದರೂ ಸಾಲು ಸೊಟ್ಟಗಾಗುತ್ತದೆ. ಬಿಚ್ಚು, ಮತ್ತೆ ಹೆಣೆ. ಮುಗಿದ ಮೇಲೆ ಎರಡು ಹಲಗೆಗಳ ನಡುವೆ ಹೊರಳಿಸಿ ದುಂಡಗೆ ಮಾಡಿ, ಎಳೆಗಳು ಕೂಡುವಲ್ಲೆಲ್ಲ ಟರ್ಕ್ಸ್ ಹೆಡ್ ಗಂಟಿನ ಮುಂಡಾಸು ಸುತ್ತುತ್ತಾನೆ. ಇಷ್ಟೆಲ್ಲ ಬಲ ತುಂಬಿದ ಹಗ್ಗಕ್ಕೆ ನೇತುಬೀಳುವುದು ಅಂಗೈಯೊಳಗೆ ಅಡಗುವ ಪೀಪಿಗಳು.

ಪೀಪಿಗೆ ದಾರ ಬೇಡವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಕು. 1935ರಲ್ಲಿ ಜೀವಂತ ಬಾತುಗಳನ್ನು ಆಮಿಷಕ್ಕೆ ಕಟ್ಟಿಹಾಕುವುದನ್ನು ಅಮೆರಿಕ ಸರ್ಕಾರ ನಿಷೇಧಿಸಿದ ಮೇಲೆ, ಹಾರುವ ಬಾತನ್ನು ಕರೆದು ಇಳಿಸಲು ಪೀಪಿಯ ಮೇಲಿನ ಭಾರ ಹೆಚ್ಚಿತು. ಕತ್ತಲು, ಮೊಣಕಾಲುದ್ದ ನೀರು, ಕೈಗವಸು, ಹೆಗಲಲ್ಲಿ ಕೋವಿ. ಇಷ್ಟರ ನಡುವೆ ಜಾರಿದ ಪೀಪಿ ಮರಳಿ ಸಿಕ್ಕೀತೆಂಬ ಆಸೆ ಬೇಡ. ಆದರೆ ಆ ಕೆಲಸಕ್ಕೆ ಪ್ಯಾರಾಚೂಟಿನ ನೈಲಾನ್ ಹುರಿ ಧಾರಾಳ ಸಾಕು. ಅದು ಅಗ್ಗ, ನೆನೆದರೂ ಕೊಡವಿದರೆ ಆಯಿತು. ಚರ್ಮವೋ ನೀರು ಕುಡಿಯುತ್ತದೆ, ಒಣಗಿಸದೆ ಮೂಲೆಗೆಸೆದರೆ ಬೂಷ್ಟು ಹಿಡಿಯುತ್ತದೆ, ಆಗಾಗ ಎಣ್ಣೆ ಬೇಡುತ್ತದೆ. ಇದನ್ನು ಅವನೆದುರು ಎತ್ತಿ ನೋಡಿ: "ಚರ್ಮಕ್ಕೆ ವಯಸ್ಸಾದಷ್ಟೂ ಚೆಂದ" ಎಂದುಬಿಡುತ್ತಾನೆ. ಗಟ್ಟಿಯ ವಕೀಲ ಬಾಯಿ ಜಾರಿದ ಕ್ಷಣ ಅದು. ಲೇತಿನಲ್ಲಿ ಕೊಕೊಬೊಲೊ ಮರ ಕಡೆದು, ಕನ್ನಡಿಯಂತೆ ಹೊಳಪು ಕೊಟ್ಟ ಪೀಪಿಯನ್ನು ನೈಲಾನಿಗೆ ಕಟ್ಟುವುದು ಆ ಕುಶಲಕರ್ಮಿಗೆ ಮಾಡುವ ಅವಮಾನವೆಂದೂ ಸೇರಿಸುತ್ತಾನೆ. ಸರಿಯೇ. ಪದಕ ಚೆನ್ನಾಗಿದ್ದರೆ ಸರವೂ ಚೆನ್ನಾಗಿರಬೇಕೆಂದು ಚಿನಿವಾರಪೇಟೆಯಲ್ಲೂ ಹೇಳುತ್ತಾರೆ.

ಉಂಗುರಗಳ ಕಥೆಯಂತೂ ವಾದವನ್ನು ಮುಗಿಸಿಯೇಬಿಡುತ್ತದೆ. ಹಕ್ಕಿಗಳ ವಲಸೆ ತಿಳಿಯಲೆಂದು ವಿಜ್ಞಾನಿಗಳು ಕಾಲಿಗೆ ತೊಡಿಸಿದ ಸಂಖ್ಯೆಯ ಉಂಗುರಗಳು ಅವು. ಸಂಖ್ಯೆಯನ್ನು ಸರ್ಕಾರಿ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಗೆ ತಿಳಿಸಿದರೆ ಆ ಹಕ್ಕಿಯ ವಿವರ ಬರೆದ ಪ್ರಮಾಣಪತ್ರ ಬರುತ್ತದೆ. ಉಂಗುರ ಮಾತ್ರ ಬೇಟೆಗಾರನಲ್ಲೇ ಉಳಿದು ಎದೆಗೇರುತ್ತದೆ. ಹೆಣೆಯುವವನು ಅದಕ್ಕೆಂದೇ ಜಾಗ ಬಿಟ್ಟಿರುತ್ತಾನೆ. ಅದರಿಂದ ಹಗ್ಗಕ್ಕೆ ಯಾವ ಬಲವೂ ಬರುವುದಿಲ್ಲವೆಂದು ಅವನಿಗೆ ಗೊತ್ತು, ಹೇಳುವುದಿಲ್ಲ. ಹಾಗಾದರೆ ಈ ಅಲಂಕಾರವೆಲ್ಲ ಯಾರ ಕಣ್ಣಿಗೆ? ಬಾತಿನ ಕಣ್ಣಿಗೆ ಬೀಳಬಾರದೆಂದೇ ಬೇಟೆಗಾರ ಮೈತುಂಬ ಎಲೆಬಣ್ಣ ಹೊದ್ದಿರುವುದು. ಆರ್ಕನ್ಸಾದ ಸ್ಟಟ್‌ಗಾರ್ಟ್ ಊರಲ್ಲಿ 1936ರಿಂದ ಬಾತಿನಂತೆ ಕೂಗುವ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಅಲ್ಲೂ ಅಂಕ ಕೂಗಿಗೆ, ಕೊರಳಿಗಲ್ಲ. ಉಳಿದವನು ಒಬ್ಬನೇ: ಬೇಟೆಯ ಮರೆಯಲ್ಲಿ ಪಕ್ಕಕ್ಕೆ ನಿಂತ ಗೆಳೆಯ. ಅವನು ಕೆಸರಲ್ಲಿ ನಿಂತೇ ಆ ಗಂಟುಗಳನ್ನು ಬೆರಳಾಡಿಸಿ ನೋಡುತ್ತಾನೆ, ಏನೂ ಅನ್ನಿಸದವನಂತೆ ವಿಳಾಸ ಕೇಳುತ್ತಾನೆ, ಮರುವಾರ ಆರ್ಡರ್ ಕೊಡುತ್ತಾನೆ. ಅವನಿಗೆ ಹನ್ನೆರಡೆಳೆಯದೇ ಬೇಕಂತೆ.