ಲೂವಾವು ನಿರ್ಣಯ ಚಂದ್ರಿಕೆ

ಹವಾಯಿ ದ್ವೀಪಗಳಿಗೆ ರಜೆಗೆಂದು ಹೋದ ಗೃಹಸ್ಥನು ಯಾವ ಲೂವಾವಿಗೆ ಟಿಕೆಟ್ ಕೊಳ್ಳತಕ್ಕದ್ದು ಎಂಬ ವಿಷಯದಲ್ಲಿ ನಮ್ಮ ಶಾಸ್ತ್ರಕಾರರು ಇಲ್ಲಿಯವರೆಗೆ ಬಾಯಿ ಬಿಟ್ಟಿಲ್ಲ. ಏಕಾದಶಿ ಎಂದು ಆಚರಿಸಬೇಕೆಂಬುದಕ್ಕೆ ನಿರ್ಣಯಗ್ರಂಥಗಳುಂಟು. ಹಲ್ಲಿ ಎಡಭುಜದ ಮೇಲೆ ಬಿದ್ದರೆ ಏನು, ಬಲಭುಜದ ಮೇಲೆ ಬಿದ್ದರೆ ಏನು ಎಂಬುದಕ್ಕೆ ಪಂಚಾಂಗದ ಹಿಂಬದಿಯಲ್ಲಿ ಕೋಷ್ಟಕವೇ ಉಂಟು. ತಲೆಗೆ 150ರಿಂದ 250 ಡಾಲರ್ ತೆತ್ತು, ಹೂವಿನ ಅಂಗಿ ತೊಟ್ಟು, ಮುಳುಗುವ ಸೂರ್ಯನ ಎದುರು ನೆಲದೊಳಗಿಂದ ಹಂದಿ ತೆಗೆಯುವುದನ್ನು ನೋಡಲು ಸರದಿಯಲ್ಲಿ ನಿಂತವನಿಗೆ ಮಾತ್ರ ಗತಿಯಿಲ್ಲ. ಅವನ ಉದ್ಧಾರಕ್ಕೆಂದೇ ಈ ಚಂದ್ರಿಕೆ.

ಗ್ರಂಥಾರಂಭದಲ್ಲಿ ನಾಲ್ಕು ಅನುಬಂಧಗಳನ್ನು ಹೇಳುವುದು ಸಂಪ್ರದಾಯ. ವಿಷಯವು ಲೂವಾವು, ಅಂದರೆ ಊಟ, ಕುಡಿತ, ಕುಣಿತ ಮೂರೂ ಒಂದೇ ಟಿಕೆಟ್ಟಿನಲ್ಲಿ ಅಡಕವಾದ ಸಾಯಂಕಾಲ. ಅಧಿಕಾರಿಯು ಸ್ಯಾನ್ ಹೊಸೆಯಿಂದ ಐದಾರು ಗಂಟೆ ವಿಮಾನದಲ್ಲಿ ಕೂತು ಬಂದ, ಊರಿನಿಂದ ಬಂದಿಳಿದ ಅತ್ತೆ-ಮಾವಂದಿರನ್ನೂ ಜೊತೆಗೆ ಕಟ್ಟಿಕೊಂಡ ಕನ್ನಡಿಗ. (ಒಬ್ಬನೇ ಬಂದವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವನು ದಂಡೆಯ ಮೇಲೆ ಕೂತು ಹಸಿಮೀನಿನ ಪೋಕೆ ತಿಂದುಕೊಂಡು ಸುಖವಾಗಿರುತ್ತಾನೆ.) ಪ್ರಯೋಜನವು ಫೋಟೋ. ಸಂಬಂಧವು ಕ್ರೆಡಿಟ್ ಕಾರ್ಡಿನದು.

ಇನ್ನು ಪ್ರಮಾಣವಿಚಾರ. ಯಾವ ಲೂವಾವು ಒಳ್ಳೆಯದೆಂದು ತಿಳಿಯುವ ಬಗೆ ಹೇಗೆ? ಪ್ರತ್ಯಕ್ಷದಿಂದ ಎನ್ನುವಂತಿಲ್ಲ, ದುಡ್ಡು ಕಟ್ಟುವ ಮೊದಲು ಒಳಗೆ ಬಿಡುವುದಿಲ್ಲ, ಕಟ್ಟಿದ ಮೇಲೆ ತಿಳಿದು ಉಪಯೋಗವಿಲ್ಲ. ಶಬ್ದಪ್ರಮಾಣವೆಂದರೆ ಹೋಟೆಲಿನ ಮೇಜಿನ ಹಿಂದೆ ನಿಂತವನ ಮಾತು. ಆಪ್ತನ ವಾಕ್ಯವೇ ಪ್ರಮಾಣ ಎಂಬುದು ಸರಿ, ಆದರೆ ಕಮಿಷನ್ ಪಡೆಯುವವನು ಆಪ್ತನೇ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಷಡ್ಡಕನ ಮಾತು ಇನ್ನೂ ಅಪಾಯಕರ. ಅವನು ಹೋದದ್ದು ಕೆಟ್ಟದ್ದಾಗಿದ್ದರೂ ಚೆನ್ನಾಗಿತ್ತೆಂದೇ ಹೇಳುತ್ತಾನೆ, ಅಷ್ಟು ದುಡ್ಡು ಕೊಟ್ಟಿರುತ್ತಾನೆ.

ಉಳಿದದ್ದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸು ಎಂದು ನೈಯಾಯಿಕರು ಶತಮಾನಗಳಿಂದ ಪಾಠ ಹೇಳಿದರು. ಯಾವ ಬೆಟ್ಟ, ಎಂಥ ಬೆಂಕಿ ಎಂದು ಯಾವ ಶಿಷ್ಯನೂ ಕೇಳಲಿಲ್ಲ. ಆ ಬೆಟ್ಟ ಹವಾಯಿಯ ದೊಡ್ಡ ದ್ವೀಪದಲ್ಲಿರುವ ಕಿಲಾವೇಯ ಜ್ವಾಲಾಮುಖಿಯೆಂಬುದು ನಮ್ಮ ಸಂಶೋಧನೆ. ಲೂವಾವಿನ ಅಂಗಳಕ್ಕೆ ಬಂದರೆ ಮಾತ್ರ ಈ ತರ್ಕ ಎಡವುತ್ತದೆ. ಅಲ್ಲಿ ಇಮು ಎಂಬ ನೆಲದೊಲೆಯುಂಟು. ಗುಂಡಿಯಲ್ಲಿ ಕಟ್ಟಿಗೆ ಉರಿಸಿ ಕಲ್ಲು ಕಾಯಿಸುತ್ತಾರೆ, ಬಾಳೆದಿಂಡು ಜಜ್ಜಿ ಹಾಸುತ್ತಾರೆ, ಹಂದಿಯಿಟ್ಟು ಎಲೆ ಹೊದಿಸಿ ಒದ್ದೆ ಗೋಣಿ ಮುಚ್ಚಿ ಮೇಲೆ ಮಣ್ಣೆಳೆದು ಗಂಟೆಗಟ್ಟಲೆ ಬಿಟ್ಟುಬಿಡುತ್ತಾರೆ. ಒಳಗೆ ಶಾಖವುಂಟು, ಹೊರಗೆ ಹೊಗೆಯಿಲ್ಲ. ಇದೇನೂ ದೋಷವಲ್ಲ, ಕಾದ ಕಬ್ಬಿಣದ ಗುಂಡಿನ ದೃಷ್ಟಾಂತ ಕೊಟ್ಟು ಹಿಂದಿನವರೇ ಇದನ್ನು ಬಗೆಹರಿಸಿದ್ದಾರೆ. ಆದರೆ ವೇದಿಕೆಯ ಮೇಲೆ ದಟ್ಟ ಹೊಗೆಯುಂಟು, ಅದು ಯಂತ್ರದ್ದು, ಬೆಂಕಿಯ ಸುಳಿವೇ ಇಲ್ಲ. ಹೊಗೆಯಂತ್ರದ ಮುಂದೆ ನ್ಯಾಯಶಾಸ್ತ್ರ ನಿಲ್ಲಲಾರದು. ಆದ್ದರಿಂದ ಇತಿಹಾಸಕ್ಕೆ ಶರಣು ಹೋಗೋಣ.

ಹವಾಯಿಯಲ್ಲಿ ಕಪು ಎಂಬ ಕಟ್ಟಳೆಯಿತ್ತು. ನಮ್ಮ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಗಂಡಸರೂ ಹೆಂಗಸರೂ ಒಟ್ಟಿಗೆ ಕೂತು ಉಣ್ಣುವಂತಿರಲಿಲ್ಲ. ಹಂದಿ, ತೆಂಗಿನಕಾಯಿ, ಬಾಳೆಯ ಬಹುಪಾಲು ಜಾತಿಗಳು ಹೆಂಗಸರಿಗೆ ನಿಷಿದ್ಧ. ತಪ್ಪಿದರೆ ಪ್ರಾಣಕ್ಕೇ ಸಂಚಕಾರ. 1819ರಲ್ಲಿ ದೊರೆ ಮೊದಲನೆಯ ಕಮೆಹಮೆಹ ತೀರಿಕೊಂಡ ಕೆಲವು ತಿಂಗಳಿಗೆ ಅವನ ಮಗ ಲಿಹೋಲಿಹೋ, ವಿಧವೆ ರಾಣಿ ಕಾಅಹುಮಾನು ಮತ್ತು ಹೆತ್ತತಾಯಿ ಕೆಯೋಪೂಒಲಾನಿ ಇಬ್ಬರ ಮಾತಿಗೆ ಕಟ್ಟುಬಿದ್ದು, ಎಲ್ಲರೂ ನೋಡುತ್ತಿದ್ದಂತೆ ಹೆಂಗಸರ ಪಂಕ್ತಿಗೆ ಹೋಗಿ ಕೂತು ಉಂಡುಬಿಟ್ಟ. ಒಂದು ಊಟಕ್ಕೆ ಒಂದು ರಾಜ್ಯದ ಮಡಿಯೆಲ್ಲ ಉರುಳಿತು. ಗಂಡು-ಹೆಣ್ಣು ಒಂದೇ ಚಾಪೆಯ ಮೇಲೆ ಕೂತು ಉಣ್ಣುವ ಔತಣಕ್ಕೆ ದಾರಿಯಾದದ್ದು ಹಾಗೆ. 1847ರಲ್ಲಿ ಮೂರನೆಯ ಕಮೆಹಮೆಹ ನೂಉವಾನು ಕಣಿವೆಯಲ್ಲಿ ಕೊಟ್ಟ ಔತಣಕ್ಕೆ ಸುಮಾರು 10,000 ಜನ ಬಂದರೆಂದೂ, 271 ಹಂದಿ, 482 ದೊಡ್ಡ ಬುರುಡೆ ಕೆಸುವಿನ ಪೋಯ್, 3,125 ಉಪ್ಪುಮೀನು ಖರ್ಚಾಯಿತೆಂದೂ ಲೆಕ್ಕ ಉಳಿದಿದೆ. ಟಿಕೆಟ್ಟಿನ ಲೆಕ್ಕ ಉಳಿದಿಲ್ಲ, ಏಕೆಂದರೆ ಟಿಕೆಟ್ ಇರಲಿಲ್ಲ.

ರಾಜನು ಮುರಿದ ಪಂಕ್ತಿಭೇದವನ್ನು ಈಗ ಬುಕಿಂಗ್ ವಿಭಾಗದವರು ಪುನಃ ಪ್ರತಿಷ್ಠಾಪಿಸಿದ್ದಾರೆ. ಸಾಮಾನ್ಯ, ಪ್ರೀಮಿಯಂ, ವಿಐಪಿ ಎಂದು ವರ್ಣಗಳು. ಮೇಲಿನ ವರ್ಣಕ್ಕೆ ಆರ್ಕಿಡ್ ಹಾರ, ಕೆಳಗಿನದಕ್ಕೆ ಕಪ್ಪೆಚಿಪ್ಪಿನ ಹಾರ. ಮುಂದಿನ ಮೇಜಿನವರು ಮೊದಲು ಬಫೆಗೆ ಏಳಬೇಕು, ಹಿಂದಿನವರು ಕರೆ ಬರುವವರೆಗೆ ಕೂತೇ ಇರಬೇಕು. ಮಠದ ಊಟದಲ್ಲಿ ಹೊರಜಗಲಿಯಲ್ಲಿ ಕಾದ ನೆನಪಿರುವ ಮಾವನವರು ಇದನ್ನು ಸಲೀಸಾಗಿ ಅರ್ಥಮಾಡಿಕೊಳ್ಳುತ್ತಾರೆ. ಅವರಿಗೆ ಅರ್ಥವಾಗದೆ ಉಳಿಯುವುದು, ಇದಕ್ಕೆ ದುಡ್ಡು ಕೊಟ್ಟವರು ನಾವೇ ಎಂಬುದೊಂದು.

ಲೂವಾವು ವಿಷಯದಲ್ಲಿ ಪ್ರಬಲವಾದ ಮತಗಳು ಎರಡು. ಬೆಂಕಿಯ ಕತ್ತಿ ತಿರುಗಿಸದಿದ್ದರೆ ಅದು ಲೂವಾವೇ ಅಲ್ಲ ಎಂಬುವರು ಅಗ್ನಿವಾದಿಗಳು. ಇವರಲ್ಲಿ ಬಹುಪಾಲು ಹನ್ನೆರಡು ವರ್ಷದೊಳಗಿನವರು. ಅಪ್ಪಟ ಹವಾಯಿಯದಲ್ಲದ್ದು ಏನೊಂದೂ ಇರಕೂಡದು ಎಂಬುವರು ಮೂಲವಾದಿಗಳು. ಇವರು ವಿಮಾನದಲ್ಲೇ ಒಂದು ಪುಸ್ತಕ ಓದಿ ಇಳಿದಿರುತ್ತಾರೆ.

ಮೂಲವಾದಿ ಮೊದಲು ಅಗ್ನಿಯನ್ನು ಖಂಡಿಸುತ್ತಾನೆ. ಕತ್ತಿ ತಿರುಗಿಸುವ ವಿದ್ಯೆ ಸಮೋವಾದ್ದು, ಹವಾಯಿಯದಲ್ಲ. ಬೆಂಕಿಯಂತೂ ಸಮೋವಾದ್ದೂ ಅಲ್ಲ. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರೆಡ್ಡಿ ಲೆಟುಲಿ ಎಂಬ ಸಮೋವಾದ ನರ್ತಕ ಕತ್ತಿಗೆ ಬೆಂಕಿ ಹಚ್ಚಿದ. ಅಲ್ಲಿ ಬೆಂಕಿ ನುಂಗುವ ಒಬ್ಬ ಹಿಂದೂವನ್ನು ನೋಡಿ ಅವನಿಗೆ ಅದು ಹೊಳೆಯಿತೆಂಬುದು ಎಲ್ಲರೂ ಹೇಳುವ ಕಥೆ. ಇದನ್ನು ಕೇಳಿದೊಡನೆ ಮಾವನವರು ಎದ್ದು ಕೂತು, ಹಾಗಾದರೆ ಇದು ನಮ್ಮದೇ ಎನ್ನುತ್ತಾರೆ. ಅಗ್ನಿವಾದಕ್ಕೆ ವೈದಿಕ ಮೂಲ ಸಿಕ್ಕಿದ ಮೇಲೆ ಅವರನ್ನು ತಡೆಯುವವರಿಲ್ಲ.

ಮೂಲವಾದಿ ಅಷ್ಟಕ್ಕೆ ಬಿಡುವವನಲ್ಲ. ಹುಲ್ಲಿನ ಲಂಗ ಗಿಲ್ಬರ್ಟ್ ದ್ವೀಪಗಳಿಂದ ಕೂಲಿಗೆ ಬಂದವರದು, ತೆಗೆಯಿರಿ. ಯುಕುಲೇಲೆಯ ಮೂಲ ಪೋರ್ಚುಗಲ್ಲಿನ ಮದೇರಾ, 1879ರಲ್ಲಿ ಕಬ್ಬಿನ ಗದ್ದೆಗೆ ಬಂದ ಆಳುಗಳ ಹಡಗಿನಲ್ಲಿ ಇಳಿದದ್ದು, ತೆಗೆಯಿರಿ. ಮೈ ಟೈ ಎಂಬ ರಮ್ಮಿನ ಪಾನೀಯವನ್ನು 1944ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ ಒಬ್ಬ ಹೋಟೆಲಿನವನು ಬೆರೆಸಿದ್ದು. ಗುಟುಕು ಮುಗಿಸಿ ತೆಗೆಯಿರಿ. ಅನಾನಸು ದಕ್ಷಿಣ ಅಮೆರಿಕದ್ದು. ಲೋಮಿಲೋಮಿ ಎಂಬ ಪದಾರ್ಥದಲ್ಲಿರುವ ಸಾಲ್ಮನ್ ಮೀನು ಈ ಕಡಲಲ್ಲಿ ಈಜುವುದೇ ಇಲ್ಲ, ಅದರೊಳಗಿನ ಟೊಮೆಟೊ ಈರುಳ್ಳಿಗಳೂ ಪರದೇಶಿಗಳೇ. ಕೋಳಿಯ ಜೊತೆಗಿನ ಗಾಜಿನಂಥ ಶ್ಯಾವಿಗೆ ಚೀನಾದ್ದು. ಹೀಗೆ ಸೋಸುತ್ತ ಹೋದರೆ ಮೇಜಿನ ಮೇಲೆ ಹಂದಿ, ಕೆಸುವಿನ ಗಡ್ಡೆ, ತೆಂಗು, ಬಾಳೆ ಉಳಿಯುತ್ತವೆ. ಅವೂ ಪಾಲಿನೇಷ್ಯದ ಹಿರಿಯರು ದೋಣಿಯಲ್ಲಿ ಹೊತ್ತು ತಂದವೇ. ದೋಣಿಯಲ್ಲಿ ಬಂದದ್ದು ಮೂಲ, ಹಡಗಿನಲ್ಲಿ ಬಂದದ್ದು ಕಲಬೆರಕೆ ಎಂಬ ಮೂಲವಾದಿಯ ಸಿದ್ಧಾಂತಕ್ಕೆ ವಾಹನಭೇದವನ್ನು ಬಿಟ್ಟು ಬೇರೆ ಆಧಾರ ಕಾಣುವುದಿಲ್ಲ. ಕವಾಯಿ ದ್ವೀಪದಲ್ಲಿ ವೈಲುವಾ ನದಿಯ ಬದಿಗೆ ಒಂದು ಲೂವಾವು ನಡೆಯುತ್ತದೆ. ಅದೇ ನದಿಯ ಮೇಲ್ಭಾಗದಲ್ಲಿ ಇರೈವನ್ ಎಂಬ ಶಿವಾಲಯವಿದೆ. ಅದರ ಬಿಳಿಗಲ್ಲುಗಳನ್ನು ಬೆಂಗಳೂರಿನ ಸಮೀಪ ಉಳಿ ಸುತ್ತಿಗೆಯಲ್ಲಿ ಕೆತ್ತಿ ಹಡಗಿನಲ್ಲಿ ಸಾಗಿಸಿದರು. ಮೂಲವಾದಿ ಅದನ್ನು ನೋಡಿ ಕೈಮುಗಿಯುತ್ತಾನೆ. ಹಡಗಿನ ಮಾತು ಎತ್ತುವುದಿಲ್ಲ.

ಇಲ್ಲಿ ಹವಾಯಿಯ ನೃತ್ಯವಾದ ಹೂಲವನ್ನು ಕುಣಿಸುತ್ತಿದ್ದ ಕೊಡ್ಯಾಕ್ ಹೂಲ ಪ್ರದರ್ಶನದ ಸ್ಮರಣೆ ಕರ್ತವ್ಯ. 1937ರಲ್ಲಿ ವೈಕಿಕಿಯಲ್ಲಿ ಶುರುವಾಗಿ 2002ರವರೆಗೆ ನಡೆದ ಈ ಪ್ರದರ್ಶನದ ತತ್ತ್ವ ಸರಳವಾದದ್ದು: ರಾತ್ರಿ ಕುಣಿದರೆ ಪ್ರವಾಸಿಯ ಕ್ಯಾಮೆರಾಕ್ಕೆ ಬೆಳಕು ಸಾಲದು, ಆದ್ದರಿಂದ ಹಗಲಲ್ಲೇ ಕುಣಿಸಿರಿ, ಫಿಲ್ಮ್ ನಮ್ಮದೇ ಕೊಳ್ಳುತ್ತಾನೆ. ನರ್ತನವನ್ನು ಇಷ್ಟು ಪ್ರಾಮಾಣಿಕವಾಗಿ ಮಾರಿದವರು ಇನ್ನಿಲ್ಲ. ಈಗಿನವರೂ ಬಾಗಿಲಲ್ಲಿ ನಿಲ್ಲಿಸಿ ಹಾರ ಹಾಕಿ ಫೋಟೋ ಹೊಡೆದು ಆಮೇಲೆ ಅದನ್ನೇ ನಮಗೆ ಮಾರುತ್ತಾರೆ, ಆದರೆ ಸಂಸ್ಕೃತಿ ಎಂಬ ಮಾತನ್ನು ನಡುವೆ ಸೇರಿಸುತ್ತಾರೆ.

ಕ್ಷೇತ್ರಮಹಾತ್ಮ್ಯವನ್ನು ಸಂಕ್ಷೇಪದಲ್ಲಿ ಮುಗಿಸುತ್ತೇವೆ. ಓವಾಹು ದ್ವೀಪದ ಲಾಯಿಯೆಯಲ್ಲಿ 1963ರಿಂದ ಪಾಲಿನೇಷಿಯನ್ ಕಲ್ಚರಲ್ ಸೆಂಟರ್ ಇದೆ. ನಡೆಸುವವರು ಮಾರ್ಮನ್ ಚರ್ಚಿನವರು, ಕುಣಿಯುವವರಲ್ಲಿ ಅನೇಕರು ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಸಂಜೆ ಕುಣಿದು ಓದಿನ ಖರ್ಚು ಹೊಂದಿಸುತ್ತಾರೆ. ಸಮೋವಾ, ಟೋಂಗಾ, ಫಿಜಿ, ತಹೀತಿ, ಮಾವೊರಿ ಎಲ್ಲವೂ ಹಳ್ಳಿ ಹಳ್ಳಿಯಾಗಿ ಸಿಗುತ್ತವೆ, ಮದ್ಯ ಸಿಗುವುದಿಲ್ಲ, ಭಾನುವಾರ ಬಾಗಿಲು ತೆರೆಯುವುದಿಲ್ಲ. ಅತ್ತೆ-ಮಾವಂದಿರು ಜೊತೆಗಿದ್ದರೆ ಇದೇ ಪ್ರಶಸ್ತ. ಮಾವಿ ದ್ವೀಪದಲ್ಲಿ 1986ರಿಂದ ನಡೆಯುತ್ತ ಬಂದ ಓಲ್ಡ್ ಲಹೈನಾ ಲೂವಾವು ಬೆಂಕಿಯ ಕತ್ತಿಯನ್ನು ಬೇಡವೆಂದು ಬಿಟ್ಟು, ಹವಾಯಿಯ ಕಥೆಯನ್ನಷ್ಟೇ ಹೇಳುತ್ತೇನೆಂದು ಹಟ ಹಿಡಿದದ್ದು. 2023ರ ಆಗಸ್ಟ್‌ನಲ್ಲಿ ಲಹೈನಾ ಊರೇ ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಲೂವಾವು ಮತ್ತೆ ತೆರೆಯಿತು. ಬೆಂಕಿ ಯಾಕಿಲ್ಲ ಎಂದು ಅಲ್ಲಿ ಹೋಗಿ ಕೇಳುವ ಅಗ್ನಿವಾದಿಗೆ ಉತ್ತರ ಕೊಡಲು ಈ ಚಂದ್ರಿಕೆಗೆ ಮನಸ್ಸಿಲ್ಲ.

ಈಗ ಅತ್ಯಂತ ಕ್ಲಿಷ್ಟವಾದ ಸಸ್ಯಾಹಾರಾಧಿಕರಣ. ಹಂದಿಯ ಸುತ್ತ ಕಟ್ಟಿದ ಉತ್ಸವಕ್ಕೆ ಹಂದಿ ತಿನ್ನದವನು ಹೋಗಬಹುದೇ? ಹೋಗಕೂಡದೆಂದು ಪೂರ್ವಪಕ್ಷ, ಅನ್ನ, ಹಣ್ಣು, ಮ್ಯಾಕರೋನಿ ಸಲಾಡುಗಳಿಗೆ 200 ಡಾಲರ್ ಕೊಡುವುದು ಅಪವ್ಯಯವೆಂದು ಹೇತು. ಹಾಗಲ್ಲ, ಪೋಯ್ ಇದೆ ಎಂದು ಸಿದ್ಧಾಂತಿ. ಬೇಯಿಸಿದ ಕೆಸುವಿನ ಗಡ್ಡೆಯನ್ನು ಕಲ್ಲಿನಲ್ಲಿ ಕುಟ್ಟಿ ನೀರು ಬೆರೆಸಿದ ಈ ನೇರಳೆ-ಬೂದು ಪದಾರ್ಥ ಶುದ್ಧ ಸಾತ್ತ್ವಿಕ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ. ಒಂದೆರಡು ದಿನ ಇಟ್ಟರೆ ಹುಳಿಯೂ ಬರುತ್ತದೆ. ಅತ್ತೆಯವರು ಬೆರಳಲ್ಲಿ ಮುಟ್ಟಿ, ಜ್ವರ ಬಿಟ್ಟ ಮೇಲೆ ಕೊಡುವಂಥದ್ದು ಎಂದು ಪಕ್ಕಕ್ಕೆ ಸರಿಸುತ್ತಾರೆ. ಅದೇ ಅತ್ತೆಯವರು ಮಂಗಳೂರಿನ ಕಡೆಯವರಾಗಿದ್ದರೆ ಕಥೆ ಬೇರೆ. ಪಕ್ಕದ ಮೇಜಿನಲ್ಲಿ ಹಂದಿಮಾಂಸ ಸುತ್ತಿ ಬೇಯಿಸಿದ ಲೌಲೌ ಬಿಚ್ಚುತ್ತಿದ್ದಂತೆ ಅವರ ಕಣ್ಣು ಎಲೆಯ ಮೇಲೆ ನೆಡುತ್ತದೆ. ಕೆಸುವಿನೆಲೆ! ಹುಣಸೆಹುಳಿ ಹಾಕದೆ ಹೇಗೆ ತಿನ್ನುತ್ತಾರೆ, ಬಾಯಿ ತುರಿಸುವುದಿಲ್ಲವೇ? ಇಲ್ಲಿಯವರು ಹುಳಿಯ ಬದಲು ತಾಳ್ಮೆ ಬಳಸುತ್ತಾರೆ. ಗಂಟೆಗಟ್ಟಲೆ ಬೇಯಿಸಿ ತುರಿಕೆ ಕಳೆಯುತ್ತಾರೆ. ಅತ್ತೆಯವರು ಪತ್ರೊಡೆಯ ವಿಧಾನವನ್ನು ಬಡಿಸುವ ಹುಡುಗಿಗೆ ಕನ್ನಡದಲ್ಲೇ ಹೇಳತೊಡಗುತ್ತಾರೆ. ಅವಳು ತಲೆಯಾಡಿಸುತ್ತಾಳೆ. ಇಡೀ ಸಂಜೆಯಲ್ಲಿ ಸಾಂಸ್ಕೃತಿಕ ವಿನಿಮಯವೆಂದು ಕರೆಯಬಹುದಾದದ್ದು ನಡೆಯುವುದು ಇಷ್ಟೇ, ಅದಕ್ಕೆ ಬೇರೆ ಚಾರ್ಜಿಲ್ಲ.

ಹಾಗಾದರೆ ನಿರ್ಣಯವೇನು? ಊಟವನ್ನು ಬಿಡು, ಬೆಂಕಿಯನ್ನು ಬಿಡು, ಹೂಲವನ್ನು ಹಿಡಿ ಎಂಬುದೇ ನಮ್ಮ ಮತ. ಹೂಲ ಮಾತ್ರ ಇಲ್ಲೇ ಹುಟ್ಟಿ, ಇಲ್ಲೇ ಪೆಟ್ಟು ತಿಂದು, ಇಲ್ಲೇ ಬದುಕಿದ್ದು. ಪಂಕ್ತಿ ಮುರಿಸಿದ ಅದೇ ಕಾಅಹುಮಾನು ಕ್ರೈಸ್ತಳಾದ ಮೇಲೆ 1830ರಲ್ಲಿ ಸಾರ್ವಜನಿಕ ಹೂಲವನ್ನು ನಿಷೇಧಿಸಿದಳು. 1883ರಲ್ಲಿ ದೊರೆ ಕಲಾಕೌವ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಅದನ್ನು ಎಲ್ಲರೆದುರು ಕುಣಿಸಿದ. ಅವನ ಅಡ್ಡಹೆಸರಿನಲ್ಲೇ ಹಿಲೋ ಊರಿನಲ್ಲಿ ಪ್ರತಿವರ್ಷ ಈಸ್ಟರ್ ಕಳೆದ ವಾರ ಮೆರಿ ಮೊನಾರ್ಕ್ ಉತ್ಸವ ನಡೆಯುತ್ತದೆ. ಆದ್ದರಿಂದ ಬುಕಿಂಗ್ ಮಾಡುವ ಮುನ್ನ ಫೋನ್ ಹಚ್ಚಿ ಒಂದೇ ಪ್ರಶ್ನೆ ಕೇಳತಕ್ಕದ್ದು: ನಿಮ್ಮಲ್ಲಿ ಕುಣಿಯುವವರ ಕುಮು ಹೂಲ, ಅಂದರೆ ಗುರು, ಯಾರು? ಹೆಸರು ಥಟ್ಟನೆ ಬಂದರೆ ಹಿಂದಿನ ಸಾಲಿನ ಟಿಕೆಟ್ಟಾದರೂ ಸರಿ, ಕೊಳ್ಳಿರಿ. ಸಲಾಡು ಮೂರು ಬಗೆ ಇದೆ ಎಂಬ ಉತ್ತರ ಬಂದರೆ ಫೋನ್ ಇಡಿ. ಇದಕ್ಕೊಂದು ಅಪವಾದ: ಹವಾಯಿಯ ಮನೆಗಳಲ್ಲಿ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮಾಡುವ ಲೂವಾವಿಗೆ ಯಾರಾದರೂ ಕರೆದರೆ ಯಾವ ಪ್ರಶ್ನೆಯನ್ನೂ ಕೇಳದೆ ಉಡುಗೊರೆಯ ಲಕೋಟೆ ಹಿಡಿದು ಹೋಗಿಬಿಡಬೇಕು.

ಕುಣಿತದ ನಡುವೆ ಒಂದು ಆಪತ್ತಿದೆ. ದಂಪತಿಗಳೆಲ್ಲ ಎದ್ದು ಬನ್ನಿ ಎಂದು ಕರೆದು ಹವಾಯಿಯ ಮದುವೆ ಹಾಡನ್ನು ನುಡಿಸುತ್ತಾರೆ. ಮೂಲದಲ್ಲಿ ಅದು ಚಾರ್ಲ್ಸ್ ಇ. ಕಿಂಗ್ 1920ರ ದಶಕದಲ್ಲಿ ರಂಗಕ್ಕೆಂದು ಬರೆದ ಕಾಯುವಿಕೆಯ ಹಾಡು. ಮದುವೆ ಅದಕ್ಕೆ ಆಮೇಲೆ ಅಂಟಿದ್ದು. ಅದನ್ನು ಹೇಳಿ ತಪ್ಪಿಸಿಕೊಳ್ಳಲು ಹೋದ ವಿದ್ವಾಂಸರನ್ನೂ ಹೆಂಡತಿಯರು ಎಬ್ಬಿಸಿಕೊಂಡು ಹೋದ ಉದಾಹರಣೆಗಳುಂಟು.

ಕೊನೆಯದು ವಿಸರ್ಜನೆ. ಕೊರಳಿಗೆ ಹಾಕಿದ ಲೇ ಹಾರವನ್ನು ಕಸದ ಬುಟ್ಟಿಗೆ ಎಸೆಯಕೂಡದು. ದಾರ ಬಿಚ್ಚಿ ಹೂವನ್ನು ಮಣ್ಣಿಗೆ ಬಿಡಬೇಕು. ದಾರವನ್ನು ಕಡಲಿಗೆ ಬಿಟ್ಟರೆ ಆಮೆಗಳಿಗೆ ಅಪಾಯ. ಮನೆಗೇ ಒಯ್ಯುತ್ತೇನೆಂದರೆ ವಿಮಾನ ನಿಲ್ದಾಣದಲ್ಲಿ ಕೃಷಿ ಇಲಾಖೆಯ ತಪಾಸಣೆಗೆ ನಿಲ್ಲಬೇಕು. ಥಾಯ್ಲೆಂಡಿನಿಂದ ಬಂದ ಆರ್ಕಿಡ್ ಹಾರ ಅಲ್ಲಿ ಸಲೀಸಾಗಿ ಪಾಸಾಗುತ್ತದೆ. ಮೂಲವಾದಿ ಮಾತ್ರ ಆರ್ಕಿಡ್ ಬೇಡವೆಂದು ಹಟ ಹಿಡಿದು, ಕವಾಯಿಯನ್ನು ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ತಾನಾಗಿ ಬೆಳೆಯದ ಮೊಕಿಹಾನ ಕಾಯಿಗಳ ಹಾರವನ್ನು ಹುಡುಕಿ ಕೊಂಡಿರುತ್ತಾನೆ. ಅದು ನಿಂಬೆಯ ಕುಲಕ್ಕೆ ಸೇರಿದ್ದು, ಮುಖ್ಯಭೂಮಿಗೆ ಒಯ್ಯುವಂತಿಲ್ಲ, ಇಲ್ಲೇ ಬಿಟ್ಟು ಹೋಗಿ ಎಂದು ತಪಾಸಣೆಯವನು ಕೈಚಾಚುತ್ತಾನೆ.