ಬಾಲ್ಕನಿಯಲ್ಲಿ ಚನ್ನೆಮಣೆ

ದುಬೈಯ ಅಲ್ ಕುಸೈಸ್‌ನಲ್ಲಿ ಬೇಲಿ ಎಲ್ಲಿಂದ ಬರಬೇಕು? ಎರಡು ಬಾಲ್ಕನಿಗಳ ನಡುವಿನ ಮೋಟುಗೋಡೆಯೇ ನಮ್ಮ ಬೇಲಿ. ಶುಕ್ರವಾರ ಶಾಲೆ ಬೇಗ ಬಿಡುತ್ತದೆ. ಬಟ್ಟೆ ಹರವಲು ಬಂದ ಪಕ್ಕದ ಮನೆಯ ಟೀಚರಕ್ಕ ಅವತ್ತು ಸಪ್ಪಗಿದ್ದರು. ಮೂಡುಬಿದಿರೆ ಕಡೆಯವರು, ಇಪ್ಪತ್ತು ವರ್ಷದಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಕಲಿಸುತ್ತಿರುವವರು.

“ಎಂತ ಅಕ್ಕ, ಹುಷಾರಿಲ್ವಾ?”

“ಹುಷಾರುಂಟು ಮಾರಾಯ್ತಿ. ಇನ್ನು ನಾನು ಕಂಪ್ಯೂಟೇಷನಲ್ ಥಿಂಕಿಂಗ್ ಕಲಿಸ್ಬೇಕಂತೆ. ಎರಡು ಗಂಟೆ ಟ್ರೇನಿಂಗ್ ಕೊಟ್ರು. ಸ್ಲೈಡ್ ಮೇಲೆ ಸ್ಲೈಡ್ ಓಡಿತು. ನನ್ನ ಕೈಯಲ್ಲಿ ಒಂದನ್ನೂ ಮಾಡಿಸ್ಲಿಲ್ಲ. ನಾನೇ ಮಾಡಿ ನೋಡದ್ದನ್ನು ಮಕ್ಕಳಿಗೆ ಹೇಗೆ ಹೇಳಲಿ?”

ಆ ಮಾತು ನನ್ನನ್ನು ಬಿಡಲಿಲ್ಲ. ಈ ದೇಶಕ್ಕೆ ಅವಸರವಿದೆ, ಅದು ತಪ್ಪಲ್ಲ. 2025ರ ಮೇ ತಿಂಗಳಲ್ಲಿ ಘೋಷಣೆ ಬಂತು. ಆ ವರ್ಷ ಶಾಲೆ ತೆರೆಯುವ ಹೊತ್ತಿಗೆ ಸರ್ಕಾರಿ ಶಾಲೆಗಳಲ್ಲಿ ಶಿಶುವಿಹಾರದಿಂದ 12ನೇ ತರಗತಿವರೆಗೆ ಕೃತಕ ಬುದ್ಧಿಮತ್ತೆ ಪಾಠವಾಯಿತು. ಹೊಸ ಪಿರಿಯಡ್ ಇಲ್ಲ, ಇದ್ದ ಕಂಪ್ಯೂಟಿಂಗ್ ವಿಷಯದೊಳಗೇ ಸೇರಿಸಿದರು. ಕಲಿಸಲು ಸುಮಾರು 1,000 ಶಿಕ್ಷಕರು. ಪುಟ್ಟ ಮಕ್ಕಳಿಗೆ ಕತೆ, ಆಟದಲ್ಲೇ ಕಲಿಸುವುದೆಂದಿದ್ದಾರೆ, ನನಗೆ ಹಿಡಿಸಿದ್ದು ಅದೇ. ನಮ್ಮ ಮಕ್ಕಳು ಹೋಗುವುದು ಸಿಬಿಎಸ್‌ಇ ಶಾಲೆಗೆ. ಅಲ್ಲೂ ಕೃತಕ ಬುದ್ಧಿಮತ್ತೆ, ಕಂಪ್ಯೂಟೇಷನಲ್ ಥಿಂಕಿಂಗ್ ಮೂರನೇ ತರಗತಿಯಿಂದ, 2026-27ರಲ್ಲಿ ಎಂದು ಭಾರತದ ಶಿಕ್ಷಣ ಸಚಿವಾಲಯ ಹೇಳಿದೆ. ಅಂದರೆ ನಮ್ಮ ಅಕ್ಕನ ಕ್ಲಾಸು.

“ಅಕ್ಕ, ಊರಲ್ಲಿ ಆಟಿ ತಿಂಗಳಲ್ಲಿ ಚನ್ನೆಮಣೆ ಆಡ್ತಿದ್ರಲ್ಲ?”

“ಆಡದೆ! ಹದಿನಾಲ್ಕು ಗುಳಿ, ಒಂದೊಂದರಲ್ಲಿ ನಾಲ್ಕು ಮಂಜೊಟ್ಟಿ ಕಾಯಿ.”

“ಒಂದು ಗುಳಿಯದ್ದು ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದೇ ಹಾಕ್ತಾ ಹೋಗೋದು. ಕೈ ಬರಿದಾಗುವವರೆಗೆ ಅದನ್ನೇ ಮಾಡೋದು. ಮುಂದಿನ ಗುಳಿ ಖಾಲಿ ಇದ್ರೆ ಒಂದು ದಾರಿ, ಕಾಯಿ ಇದ್ರೆ ಇನ್ನೊಂದು. ಎಲ್ಲಿಂದ ಎತ್ತಿದ್ರೆ ಎಲ್ಲಿ ಮುಗೀತದೆ ಅಂತ ಮೊದಲೇ ಮನಸ್ಸಲ್ಲಿ ಎಣಿಸೋದು. ಅವರು ಹೇಳುವ ಥಿಂಕಿಂಗ್ ಇದೇ ಅಲ್ವಾ?”

ನಾನು ಹೊಸತೇನೂ ಹೇಳಲಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು ಕಂಪ್ಯೂಟರೇ ಇಲ್ಲದೆ ಕಾರ್ಡು, ಆಟಗಳಲ್ಲಿ ಈ ವಿದ್ಯೆ ಕಲಿಸುವ ದಾರಿಯನ್ನು 1990ರ ದಶಕದಲ್ಲೇ ಹಾಕಿಕೊಟ್ಟಿದ್ದಾರೆ. ಟೀಚರುಗಳನ್ನು ತಯಾರು ಮಾಡುವ ಬಗೆ ಕೇಳಿದರೆ ನಾನು ಕರ್ನಾಟಕದ ನಲಿ-ಕಲಿಯನ್ನೇ ತೋರಿಸುವುದು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಕಲಿಕೆಯ ಏಣಿ ಜೋಡಿಸಿದರು. ಮುಂದೆ ಅದು ರಾಜ್ಯದ ಉದ್ದಗಲಕ್ಕೂ ಹೋಯಿತು. ತಾನೇ ಕಟ್ಟಿದ ಪಾಠಕ್ಕೆ ಮೇಷ್ಟ್ರು ಹೆದರುವುದಿಲ್ಲ. ಟ್ರೇನಿಂಗ್ ಕೊಡುವವರು ಟೀಚರುಗಳನ್ನು ನೆಲದ ಮೇಲೆ ಕೂರಿಸಿ ಆಡಿಸಲಿ, ತಪ್ಪಲು ಬಿಡಲಿ, ತಪ್ಪಿದ್ದು ಎಲ್ಲಿ ಎಂದು ಅವರೇ ಹುಡುಕಲಿ. ಅಷ್ಟಕ್ಕೆ ಎರಡು ಗಂಟೆ ಖಂಡಿತ ಸಾಲದು.

ಅಕ್ಕ ಒಳಗೆ ಹೋದವರು ಮೊಟ್ಟೆಯ ಖಾಲಿ ಪೆಟ್ಟಿಗೆ, ಒಂದು ಮುಷ್ಟಿ ಕಡಲೆ ಹಿಡಿದು ಬಂದರು. ಮೋಟುಗೋಡೆಯ ಮೇಲಿಟ್ಟು ಎಣಿಸಿದರು.

“ಹನ್ನೆರಡೇ ಗುಳಿ. ಎರಡು ಕಮ್ಮಿ ಆಯ್ತಲ್ಲ, ಈಗ ಆಟ ಎಂತ ಆಗ್ತದೆ?”

“ಗೊತ್ತಿಲ್ಲ ಅಕ್ಕ, ಎತ್ತಿ ನೋಡುವ.”